ತಿರುಗಿಯೂ ನೋಡದೆ ಬಿಟ್ಟುಹೋದ ಗಂಡ

ರಜೆ ಮುಗಿಯುವ ಮುಂಚಿನ ಶನಿವಾರ ನರ್ಸರಿಯಲ್ಲಿ ತಂದೆತಾಯಿಯರಿಗೆ ಬುದ್ಧಿ ಹೇಳುವ ಕಾರ್ಯಕ್ರಮ ಇರುತ್ತಿತ್ತು. ಹೇಳುವವರು ಗುಂಗುರು ಮಿಸ್. ಗುಂಗುರು ಕೂದಲಿಗಾಗಿ ಮಕ್ಕಳು ಇಟ್ಟ ಹೆಸರು ಅದು. ಅವರ ನಿಜವಾದ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು. ದೊಡ್ಡ ದೊಡ್ಡ ಹುದ್ದೆಯವರೆಲ್ಲ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತು ಕೇಳುತ್ತಿದ್ದರು.

"ಮಕ್ಕಳನ್ನ ಈಗಿಂದಲೇ ಬೇಗ ಮಲಗಿಸಿ, ಬೇಗ ಎಬ್ಬಿಸಿ. ಗೆಳೆಯರ ಬಗ್ಗೆ ಮಾತಾಡಿ. ಗೇಟಲ್ಲಿ ಒಂದು ಮುತ್ತು ಕೊಟ್ಟು ಹೊರಟುಬಿಡಿ, ತಿರುಗಿ ನೋಡ್ಬೇಡಿ. ಏನೇ ಆದ್ರೂ ಸುಳ್ಳು ಮಾತ್ರ ಹೇಳ್ಬೇಡಿ."

ಎಲ್ಲರೂ ಗೋಣು ಹಾಕಿದರು. ಗೋಣು ಹಾಕುವುದರಲ್ಲಿ ವಿದ್ಯಾವಂತರನ್ನು ಮೀರಿಸುವವರಿಲ್ಲ.

ಇಷ್ಟು ಹೇಳಿದ ಮಿಸ್ ರಜೆ ಪೂರ್ತಿ ಬಿಸಿಲು ಹಾಸಿಗೆಗೆ ಬರುವವರೆಗೆ ಮಲಗಿರುತ್ತಿದ್ದರೆಂಬುದು ಅವರ ಗಂಡನಿಗೆ ಮಾತ್ರ ಗೊತ್ತಿತ್ತು. ಸೋಮವಾರ ಬೆಳಗ್ಗೆ ಹೊದಿಕೆ ಎಳೆದದ್ದೂ ಅವರೇ. ಅಂಚೆ ಕಚೇರಿಯಲ್ಲಿ ಸ್ಟಾಂಪು ಮಾರುವ, ತಾಳ್ಮೆಯ ಮನುಷ್ಯ.

"ಏಳೇ, ಹೊತ್ತಾಯ್ತು."

"ಹೊಟ್ಟೆ ನೋಯ್ತಿದೆ ಕಣ್ರೀ."

"ಎಲ್ಲಿ?"

"ಎಲ್ಲಾ ಕಡೆ."

"ಹೊಟ್ಟೆ ಎಲ್ಲಾ ಕಡೆ ಇರಲ್ವಲ್ಲೇ." ಹೆಂಡತಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ ಭಾಷಣ ಅವರಿಗೆ ಬಾಯಿಪಾಠವಾಗಿತ್ತು. "ನೋಡು, ಅಲ್ಲಿ ನಿನ್ನ ಗೆಳತಿಯರೆಲ್ಲ ಬಂದಿರ್ತಾರೆ. ಬಣ್ಣ ಇರುತ್ತೆ, ಆಟದ ಸಾಮಾನು ಇರುತ್ತೆ…"

ಮಿಸ್ ದಿಂಬು ಎಸೆದರು. ಆದರೂ ಸ್ನಾನ ಮಾಡಿ, ಮುಖ ಊದಿಸಿಕೊಂಡು ಸ್ಕೂಟರ್ ಹತ್ತಿದರು. ಗಂಡ ಗೇಟಿನಲ್ಲಿ ಇಳಿಸಿ, ಕೈ ಬೀಸಿ, ನಿಯಮದ ಪ್ರಕಾರ ತಿರುಗಿಯೂ ನೋಡದೆ ಹೊರಟುಹೋದರು. ನಿಯಮ ಇಷ್ಟು ಕೆಟ್ಟದೆಂದು ಮಿಸ್‌ಗೆ ಹೊಳೆದದ್ದು ಆಗಲೇ.

ಒಳಗೆ ಮಕ್ಕಳು ಆಕಾಶ ಭೂಮಿ ಒಂದು ಮಾಡುತ್ತಿದ್ದರು. ಎಲ್ಲರಿಗಿಂತ ಜೋರಾಗಿ ರಾಗ ತೆಗೆದಿದ್ದವಳು ಬಟಾಣಿ. ಹುಟ್ಟಿದಾಗ ಅಷ್ಟೇ ಇದ್ದಳಂತೆ, ಹೆಸರು ಉಳಿದುಕೊಂಡಿತು. ಅವಳ ತಾಯಿ ಹಲ್ಲಿನ ಡಾಕ್ಟರ್. ಊರವರ ಬಾಯೊಳಗೆ ಇಕ್ಕಳ ಹಾಕಿ "ಒಂಚೂರೂ ನೋವಾಗಲ್ಲ" ಎನ್ನುವ ಅಭ್ಯಾಸ ಮಗಳ ಹತ್ತಿರವೂ ಬಿಟ್ಟಿರಲಿಲ್ಲ.

"ಅಮ್ಮ ಇಲ್ಲೇ ಬಾಗಿಲ ಹೊರಗೆ ಕೂತಿರ್ತೀನಿ ಪುಟ್ಟಾ, ಎಲ್ಲೂ ಹೋಗಲ್ಲ" ಎಂದ ಡಾಕ್ಟರ್ ಕಾಲಿಗೆ ಬುದ್ಧಿ ಹೇಳಿದರು. ಕಾರು ಹೊರಟ ಸದ್ದು ತರಗತಿಗೆಲ್ಲ ಕೇಳಿಸಿತು. ಬಟಾಣಿ ಚಪ್ಪಲಿ ಗೂಡನ್ನು ತಬ್ಬಿಕೊಂಡಳು. ಮಿಸ್ ಕೈಗೊಂಬೆ ಕುಣಿಸಿದರು, ಹಾಡಿದರು, ಕಪ್ಪೆಯ ಹಾಗೆ ಜಿಗಿದರು. ಬಟಾಣಿ ಗೂಡು ಬಿಡಲಿಲ್ಲ. ಕೊನೆಗೆ ಸುಸ್ತಾಗಿ ಅವಳ ಪಕ್ಕದಲ್ಲೇ ನೆಲಕ್ಕೆ ಕುಸಿದರು.

"ನಿಂಗೆ ಬರೋಕೆ ಇಷ್ಟ ಇರ್ಲಿಲ್ವಾ?"

"ಇಲ್ಲಾ…"

"ನಂಗೂ ಇರ್ಲಿಲ್ಲ."

ಅಳು ಅರ್ಧಕ್ಕೆ ನಿಂತಿತು. "ನಿಮ್ಗೂನಾ ಮಿಸ್?"

"ಹೂಂ. ಹೊಟ್ಟೆನೋವು ಅಂದೆ. ಆದ್ರೂ ಗಂಡ ಬಿಟ್ಟು ಹೋಗ್ಬಿಟ್ರು. ತಿರುಗೀನೂ ನೋಡ್ಲಿಲ್ಲ."

ಬಟಾಣಿ ಗೂಡು ಬಿಟ್ಟು ಮಿಸ್ ಕೈ ಹಿಡಿದಳು. ಅಂದು ಮತ್ತೆ ಅಳಲಿಲ್ಲ. ಮಿಸ್‌ಗೂ ಹೊಟ್ಟೆನೋವು ಮರೆತುಹೋಯಿತು.

ಮಧ್ಯಾಹ್ನ ಕಾರಿನಲ್ಲಿ ಬಟಾಣಿ ತಾಯಿಗೆ ನಡೆದದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು: "ಗುಂಗುರು ಮಿಸ್‌ಗೆ ಹೊಟ್ಟೆನೋವಂತೆ. ಆದ್ರೂ ಅವ್ರ ಗಂಡ ಬಿಟ್ಟು ಹೋಗ್ಬಿಟ್ರಂತೆ. ತಿರುಗೀನೂ ನೋಡ್ಲಿಲ್ವಂತೆ."

ಡಾಕ್ಟರ್ ಕಾರು ನಿಲ್ಲಿಸಿಯೇ ತಾಯಂದಿರ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದರು. ಗುಂಪು ಉಪ್ಪುಖಾರ ಬೆರೆಸಿತು. ಹೊಟ್ಟೆನೋವಿಗೆ ಒಬ್ಬರು ಗರ್ಭ ಕಟ್ಟಿಸಿದರು, ಗಂಡನಿಗೆ ಇನ್ನೊಬ್ಬರು ಪ್ರೇಯಸಿಯನ್ನು ಹುಡುಕಿಕೊಟ್ಟರು. ಎಲ್ಲರೂ "ಯಾರಿಗೂ ಹೇಳ್ಬೇಡಿ" ಎಂದು ಎಲ್ಲರಿಗೂ ಹೇಳಿದರು.

ಸಂಜೆ ಹೆಡ್ ಮಿಸ್ ಗುಂಗುರು ಮಿಸ್ಸನ್ನು ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ತಾವೇ ಚಹಾ ಬಗ್ಗಿಸಿ ಕೊಟ್ಟರು. ಈವರೆಗೆ ಅವರು ಯಾರಿಗೂ ನೀರು ಕೂಡ ಕೊಟ್ಟವರಲ್ಲ.

"ಧೈರ್ಯವಾಗಿರಿ. ಒಂದು ವಾರ ರಜೆ ತಗೊಳ್ಳಿ, ಸಂಬಳ ಹಿಡಿಯಲ್ಲ. ನಮಗೆಲ್ಲ ವಿಷಯ ಗೊತ್ತಾಗಿದೆ."

"ಯಾವ ವಿಷಯ?" ಎಂದು ಕೇಳುವಷ್ಟರಲ್ಲಿ ಹೊರಗೆ ಸ್ಕೂಟರ್ ಸದ್ದಾಯಿತು. ಹೆಂಡತಿಯನ್ನು ಕರೆದೊಯ್ಯಲು ಬಂದ ಸ್ಟಾಂಪಿನ ಮನುಷ್ಯನನ್ನು, ಸಂಜೆಯವರೆಗೆ ಮಕ್ಕಳನ್ನು ಬಿಡುವ ತಾಯಂದಿರು ಸುಟ್ಟುಬಿಡುವ ಹಾಗೆ ನೋಡುತ್ತಿದ್ದರು. "ಯಾವ ಮುಖ ಇಟ್ಕೊಂಡು ಬಂದ್ರಿ?" ಎಂದು ಒಬ್ಬಾಕೆ ಕೇಳಿಯೇಬಿಟ್ಟರು.

"ದಿನಾ ಇದೇ ಮುಖ ಇಟ್ಕೊಂಡೇ ಬರ್ತೀನಿ ಮೇಡಂ" ಎಂದರು ಅವರು, ಪಾಪ, ನಿಜವಾಗಿಯೇ.

ಮನೆಯಲ್ಲಿ ಎಲ್ಲ ಜೋಡಿಸಿ ನೋಡಿದಾಗ ಬಟಾಣಿಗೆ ಹೇಳಿದ ಮಾತು ಎಲ್ಲಿಗೆ ಮುಟ್ಟಿದೆಯೆಂದು ತಿಳಿದು ಗಂಡಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಇಬ್ಬರಿಗೂ ಹೊಳೆಯಿತು. ಒಂದು ವಾರ ರಜೆ, ಸಂಬಳ ಸಹಿತ!

"ಒಂದು ವಾರ ನಾನು ನಿನ್ನ ಬಿಟ್ಟು ಹೋಗಿದ್ದೀನಿ ಅಂತ್ಲೇ ಇಟ್ಕೋ" ಎಂದರು ಗಂಡ ಉದಾರವಾಗಿ. "ಊಟಕ್ಕೆ ಬರ್ತೀನಿ ಅಷ್ಟೆ."

ಮಿಸ್‌ಗೆ ಆಸೆಯಾಗದೆ ಇರಲಿಲ್ಲ. ಅಷ್ಟರಲ್ಲಿ ಡಾಕ್ಟರ್ ಫೋನು ಬಂತು, ಮಾತಾಡಿದ್ದು ಮಗಳು. "ಮಿಸ್, ನಾಳೆ ಬರ್ತೀರಾ? ನೀವು ಬಂದ್ರೆ ನಾನೂ ಬರ್ತೀನಿ. ಇಲ್ಲಾಂದ್ರೆ ಇಲ್ಲ."

ಮಿಸ್ ಗಂಡನ ಮುಖ ನೋಡಿದರು, ನಿಟ್ಟುಸಿರು ಬಿಟ್ಟರು. "ಬರ್ತೀನಿ ಕಣೇ."

ಮರುದಿನ ಹೆಡ್ ಮಿಸ್‌ಗೆ ನಿಜ ಹೇಳಿದಾಗ ಆ ಮಹಾತಾಯಿಯ ಮುಖ ಬಾಡಿತು. ಮರುಕ ಪಡಲು ಇಷ್ಟು ಒಳ್ಳೆಯ ಕಾರಣ ಮತ್ತೆಲ್ಲಿ ಸಿಗಬೇಕು? ಚಹಾ ಅಂದಿನಿಂದ ಬಂದ್ ಆಯಿತು. ತಾಯಂದಿರ ಗುಂಪಂತೂ ನಿಜವನ್ನು ಒಪ್ಪಲೇ ಇಲ್ಲ. "ಪಾಪ, ಗಂಡನ ಮಾನ ಕಾಪಾಡ್ತಿದ್ದಾರೆ" ಎಂದು ಮಿಸ್ಸನ್ನು ಇನ್ನಷ್ಟು ಹೊಗಳಿತು.

ಡಾಕ್ಟರ್ ಮಾತ್ರ ಬಾಗಿಲಲ್ಲಿ ಸ್ವಲ್ಪ ಹೊತ್ತು ತಡವರಿಸಿ, "ಅಮ್ಮ ಈಗ ಕೆಲಸಕ್ಕೆ ಹೋಗ್ತೀನಿ ಪುಟ್ಟಾ, ಊಟ ಆದ್ಮೇಲೆ ಬರ್ತೀನಿ" ಎಂದರು. ಬಟಾಣಿ ಅತ್ತಳು. ಆದರೆ ಗೂಡು ತಬ್ಬಲಿಲ್ಲ. ಮೂಗು ಒರೆಸಿಕೊಂಡು ಮಿಸ್ಸನ್ನು ಹುಡುಕಿ ಬಂದಳು.

"ಇವತ್ತೂ ಬೇಜಾರಾ ಮಿಸ್?"

"ಸ್ವಲ್ಪ."

ಬಟಾಣಿ ಅವರನ್ನು ಕೈ ಹಿಡಿದು ಅಂಗಳದ ಮರಳಿನ ಗುಂಡಿಗೆ ಎಳೆದೊಯ್ದಳು. ಕೂರಿಸಿ, ಸಮಾಧಾನಕ್ಕೆಂದು ಒಂದು ಬಕೆಟ್ ಮರಳನ್ನು ಆ ಗುಂಗುರು ಕೂದಲಿನ ಮೇಲೆ ನಿಧಾನವಾಗಿ ಸುರಿದಳು.

"ಈಗ ಹೋಯ್ತಾ?"

"ಪೂರ್ತಿ ಹೋಯ್ತು" ಎಂದರು ಮಿಸ್, ಕಿವಿಯೊಳಗಿಂದ ಮರಳು ತೆಗೆಯುತ್ತಾ.