ತಂಗಿಯ ತುಟಿಗೆ ಕುಸುಬಿಯ ಕೆಂಪು

ನನ್ನ ತಂಗಿಯ ಮದುವೆ ನಿಶ್ಚಯವಾದಾಗ ಆಕೆಗೆ ನಲವತ್ತೊಂದು ವರ್ಷ. ಮದುವೆ ಬೇಡವೆಂದು ಆಕೆ ಯಾವತ್ತೂ ಹೇಳಿದ್ದಿಲ್ಲ. ಅವ್ವನ ಔಷಧ, ಚಿತ್ತಾಪುರದ ಶಾಲೆಯ ನೌಕರಿ, ಬೆಳಗಿನ ಬಸ್ಸು, ಸಂಜೆಯ ಬಸ್ಸು ಅಂತ ವರ್ಷಗಳು ಹೋದವು, ಅಷ್ಟೆ. ಅವ್ವ ತೀರಿಕೊಂಡ ಮರುವರ್ಷ, ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಒಬ್ಬರೇ ಇದ್ದ, ಹೆಂಡತಿಯನ್ನು ಕಳಕೊಂಡಿದ್ದ ಒಬ್ಬರು ತಾವೇ ಬಂದು ಕೇಳಿದರು. ತಂಗಿ ಒಂದು ವಾರ ವಿಚಾರ ಮಾಡಿದಳು. ಆಮೇಲೆ ಒಂದು ಮುಂಜಾನೆ ರೊಟ್ಟಿ ಬಡಿಯುತ್ತಿದ್ದ ನನ್ನ ಹಿಂದೆ ಬಂದು ನಿಂತು, "ಹೂಂ ಅಂತ ಹೇಳಿಬಿಡು ಅಕ್ಕಾ. ಮನಷ್ಯಾ ನಕ್ಕೋತ ಮಾತಾಡ್ತಾರ" ಅಂದಳು.

ನಿಶ್ಚಿತಾರ್ಥದ ಸೀರೆ ಉಡಿಸುವ ಕಾರ್ಯಕ್ರಮ ಸೇಡಂನ ನಮ್ಮ ಮನೆಯಲ್ಲೇ ಆಯಿತು. ಹುಟ್ಟಿದಾಗಿನಿಂದ ಪೌಡರ್ ಬಿಟ್ಟು ಬೇರೇನೂ ಹಚ್ಚದ ನನ್ನ ತಂಗಿ ಆ ದಿನ ಅಂಗಡಿಯಿಂದ ಒಂದು ಲಿಪ್‌ಸ್ಟಿಕ್ ತಂದಿದ್ದಳು. ಹಚ್ಚಿಕೊಂಡ ಅರ್ಧ ತಾಸಿಗೆ ತುಟಿ ತುರಿಸಿತು. ತಾಸಿಗೆ ಬಾತುಕೊಂಡಿತು. ಪೇಢೆ ತಿನ್ನಿಸಲು ಬಂದ ವರ ಗಾಬರಿಯಾಗಿ, "ಏನ್ರೀ ಟೀಚರ್, ಜೇನುಹುಳ ಕಡೀತೇನ್ರಿ?" ಅಂದರು. ಮಂದಿಯೆಲ್ಲ ನಕ್ಕರು. ತಂಗಿಯೂ ನಕ್ಕಳು. ಆದರೆ ಬಚ್ಚಲಿಗೆ ಹೋಗಿ ತುಟಿ ತಿಕ್ಕಿ ತಿಕ್ಕಿ ತೊಳೆದು, ಸಿಪ್ಪೆ ಏಳುವ ಹಾಗೆ ಮಾಡಿಕೊಂಡು ಹೊರಗೆ ಬಂದಳು.

ಡಾಕ್ಟರು ನೋಡಿ, ಇದು ನಿಮ್ಮ ಮೈಗೆ ಒಗ್ಗುವುದಿಲ್ಲ, ಬಿಟ್ಟುಬಿಡಿ ಅಂದರು. ಈಕೆ ಬಿಡದೆ ಇನ್ನೆರಡು ಕಂಪನಿಯವು ತಂದು ನೋಡಿದಳು. ಅದೇ ತುರಿಕೆ, ಅದೇ ಬಾವು. ಮೂರನೆಯದನ್ನು ಕಸದ ಬುಟ್ಟಿಗೆ ಎಸೆದು ನನ್ನ ಪಕ್ಕ ಕುಳಿತಳು.

"ಅಕ್ಕಾ, ನಮ್ಮ ಬೌದ್ಧರಾಗ ಮದುವಿಗಿ ಬಿಳಿ ಸೀರಿ. ಮ್ಯಾಲಿಂದ ಕೆಳಗಿನ ತನಕಾ ಬಿಳಿ. ಕೂದಲಾನೂ ಅಲ್ಲಲ್ಲಿ ಬೆಳ್ಳಗಾಗ್ಯಾವ. ಒಂದ್ ತುಟಿಯರೆ ಕೆಂಪಗಿರಬಾರದೇನು?"

ಮದುವೆಗೆ ಒಂದೂವರೆ ತಿಂಗಳಿತ್ತು. ಹಪ್ಪಳ, ಉಪ್ಪಿನಕಾಯಿ, ಕಾಡಿಗೆ ಎಲ್ಲ ಮನೆಯಲ್ಲಿ ಮಾಡುವವಳು ನಾನು. ತುಟಿಯ ಬಣ್ಣ ಅದಕ್ಕಿಂತ ದೊಡ್ಡ ಕೆಲಸವೇನು ಅನ್ನಿಸಿತು.

ಮೊಬೈಲಿನಲ್ಲಿ ನೋಡಿದಾಗ ಮಾಡುವ ವಿಧಾನ ಸರಳವಿತ್ತು. ಗಟ್ಟಿಯಾಗಲು ಜೇನುಮೇಣ, ಮೆತ್ತಗಾಗಲು ಎಣ್ಣೆ, ಆಮೇಲೆ ಬಣ್ಣ. ಮೇಣ ಬಳೆ ಅಂಗಡಿಯಲ್ಲೇ ಸಿಕ್ಕಿತು; ಕುಂಕುಮ ನಿಲ್ಲಲೆಂದು ಹಣೆಗೆ ಮೊದಲು ಹಚ್ಚುತ್ತಾರಲ್ಲ, ಅದೇ ಮೇಣ. ಔಡಲೆಣ್ಣೆ, ಅಂದರೆ ಹರಳೆಣ್ಣೆ, ಮನೆಯಲ್ಲಿತ್ತು. ಇವೆರಡನ್ನು ಮೊದಲು ತಂಗಿಯ ಮೊಣಕೈ ಒಳಮಡಿಕೆಗೆ ಹಚ್ಚಿ ಒಂದು ದಿನ ಬಿಟ್ಟೆ. ಏನೂ ಆಗಲಿಲ್ಲ. ಅಂದರೆ ಉಳಿದದ್ದು ಬಣ್ಣವೊಂದೇ. ಪ್ರತಿ ಬಣ್ಣಕ್ಕೂ ಇದೇ ಪರೀಕ್ಷೆ ಅಂತ ನಿಯಮ ಮಾಡಿದೆ: ಮೊದಲು ನನ್ನ ತುಟಿ, ಆಮೇಲೆ ಆಕೆಯ ಮೊಣಕೈ, ಅದು ದಾಟಿದರೆ ಆಕೆಯ ತುಟಿ.

ಮೊದಲು ಬೀಟ್‌ರೂಟು. ತುರಿದು, ಹಿಂಡಿ, ರಸವನ್ನು ಸಣ್ಣ ಉರಿಯಲ್ಲಿ ಗಟ್ಟಿ ಮಾಡಿ, ಕರಗಿದ ಮೇಣಕ್ಕೆ ಸುರಿದೆ. ರಸ ಬೇರೆ, ಮೇಣ ಬೇರೆ ಆಗಿ, ಕೆಂಪು ಗುಳಿಗೆಗಳು ತಳದಲ್ಲಿ ಉರುಳಾಡಿದವು. ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದ ನಮ್ಮ ಮನೆಯವರು ಬಗ್ಗಿ ನೋಡಿ, "ಸಾರು ಚಲೋ ಆಗ್ಯಾದ. ಅನ್ನ ಹಾಕು" ಅಂದರು. ಮರುವಾರ ಬೀಟ್‌ರೂಟನ್ನು ಒಣಗಿಸಿ, ಪುಡಿ ಮಾಡಿ, ಹಳೆಯ ಮಲ್‌ಮಲ್ ಸೀರೆಯಲ್ಲಿ ಜರಡಿ ಹಿಡಿದು ಬೆರೆಸಿದೆ. ತುಟಿಗೆ ಹಚ್ಚಿದರೆ ಮರಳು ಹಚ್ಚಿದ ಹಾಗೆ. ಅದೂ ಸಿಹಿ ಮರಳು. ಮರುದಿನ ಡಬ್ಬಿಯ ತುಂಬ ಇರುವೆ.

"ಮದುಮಗಳಿಗಿಂತ ಮೊದಲು ಇರುವಿ ಬೀಗರು ಬಂದಾರ ನೋಡು," ಅಂದರು ಮನೆಯವರು.

ಆಮೇಲೆ ಮಸಾಲೆ ಅಂಗಡಿಯ ರತನ್‌ಜೋತ್. ಅದೊಂದು ಬೇರು, ಅಡುಗೆಗೆ ಬಣ್ಣ ಬರಲೆಂದು ಹಾಕುವುದು. ಎಣ್ಣೆಯಲ್ಲಿ ಬಿದ್ದ ಕೂಡಲೇ ಅದು ಬಿಟ್ಟ ಬಣ್ಣ ನೋಡಿ ನಾನು ಅಡುಗೆಮನೆಯಲ್ಲೇ ಚಪ್ಪಾಳೆ ತಟ್ಟಿದೆ. ಆದರೆ ತುಟಿಗೆ ಹಚ್ಚಿದಾಗ ಕೆಂಪಲ್ಲ, ನೇರಳೆಹಣ್ಣು ತಿಂದ ಬಣ್ಣ. ಅದೂ ಇರಲಿ ಅಂದುಕೊಂಡರೆ, ಸಂಜೆಗೆ ತಂಗಿಯ ಮೊಣಕೈ ತುಂಬ ಸಣ್ಣ ಗುಳ್ಳೆ. "ಬಿಡಕ್ಕಾ ಇನ್ನ, ಸಾಕು," ಅಂದಳು. ಆ ಧ್ವನಿ ನನಗೆ ಸೇರಲಿಲ್ಲ.

ದಾರಿ ತೋರಿಸಿದ್ದು ಆಡಕಿಯಿಂದ ಬಂದ ವೈನಿ, ನನ್ನ ಅಣ್ಣನ ಹೆಂಡತಿ. ಪುಂಡಿಪಲ್ಯ ತಂದಿದ್ದಳು. ನನ್ನ ಗಿಂಡಿ, ಜರಡಿ, ಬಟ್ಟಲುಗಳ ಸಂತೆ ನೋಡಿ ಸೊಂಟಕ್ಕೆ ಕೈಯಿಟ್ಟಳು.

"ಊರೆಲ್ಲಾ ಹುಡುಕ್ತೀರಿ. ನಮ್ಮ ಜೋಳದ ಸುತ್ತ ಕುಸುಬಿ ಹೂಬಿಟ್ಟು ನಿಂತಾದ. ನಮ್ಮ ಆಯಿ ಅದರಾಗ ಅರಿವಿಗಿ ಕೆಂಪು ಹಾಕತಿದ್ಳು."

"ಕುಸುಬಿ ಹೂವು ಹಳದಿ ಅಲ್ಲೇನ್ ವೈನಿ?"

"ಹಳದಿನೂ ಅದ, ಕೆಂಪೂ ಅದ. ಹಳದಿ ಮೊದಲು ಹೊರಗ ಹೋಗಬೇಕು. ಹೋದ ಮ್ಯಾಲ ಕೆಂಪು ಬರತದ. ನಮ್ಮಂಗ ಅವಸರ ನಡಿಯಂಗಿಲ್ಲ ಅದಕ್ಕ."

ಕುಸುಬಿ ಅಂದರೆ ನಮಗೆ ಎಣ್ಣೆ. ಇಲ್ಲವೆ ದನ ಒಳಗೆ ನುಗ್ಗದಂತೆ ಹೊಲದ ಸುತ್ತ ಬಿತ್ತುವ ಮುಳ್ಳಿನ ಬೇಲಿ. ಹೂವನ್ನು ಯಾರು ಕೇಳುತ್ತಾರೆ? ಮರುದಿನ ನಸುಕಿನಲ್ಲೇ, ಇಬ್ಬನಿಗೆ ಮುಳ್ಳು ಮೆತ್ತಗಿರುವಾಗ, ಹೊಲಕ್ಕೆ ಹೋದೆವು. ವೈನಿ, ತಂಗಿ, ನಾನು ಮೂವರೂ ಅಣ್ಣನ ಹಳೆಯ ಪೂರ್ತಿ ತೋಳಿನ ಅಂಗಿ ತೊಟ್ಟಿದ್ದೆವು. ದಾರಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿದ ಒಬ್ಬ, "ಏನ್ರೆವ್ವಾ, ಬ್ಯಾಂಡ್ ಪಾರ್ಟಿಗಿ ಹೊಂಟೀರೇನು?" ಅಂದ. "ಹೌದಪ್ಪಾ, ನಿನ್ನ ಮದುವಿದೇ!" ಅಂದಳು ವೈನಿ. ಎಸಳು ಹಿರಿಯುವಷ್ಟರಲ್ಲಿ ಬೆರಳೆಲ್ಲ ಹಳದಿಯಾದವು. ಒಂದು ಬಕೆಟ್ ತುಂಬಿತು. ಒಣಗತೊಡಗಿದ್ದ ಹೂಗಳನ್ನೂ ಬಿಡದೆ ಎಲ್ಲ ಹಿರಿದು ತಂದೆವು.

ಎರಡು ದಿನ ಎಸಳು ತೊಳೆದದ್ದೇ ತೊಳೆದದ್ದು. ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಹಿಚುಕಬೇಕು, ಹಳದಿ ನೀರು ಚೆಲ್ಲಬೇಕು, ಮತ್ತೆ ಹಿಚುಕಬೇಕು. ನೀರು ತಿಳಿಯಾದ ಮೇಲೆ, ಹಪ್ಪಳಕ್ಕೆ ಹಾಕುವ, ಸೋಡಾದಂಥ ಪಾಪಡಖಾರದ ನೀರಿನಲ್ಲಿ ಎಸಳು ನಾದಿ ಹಿಂಡಿದೆವು. ಕಂದು ಬಣ್ಣದ, ನೋಡಲು ಏನೇನೂ ಚೆಂದವಿಲ್ಲದ ರಸ ಬಂತು. ಅದಕ್ಕೆ ವೈನಿ ಹೇಳಿದಂತೆ ನಿಂಬೆಹಣ್ಣು ಹಿಂಡಿದೆ. ಕಣ್ಣ ಮುಂದೆಯೇ ಕಂದು ಹೋಗಿ ಕೆಂಪು ಎದ್ದಿತು! ದಾಸವಾಳವಲ್ಲ, ದಾಳಿಂಬೆಯಲ್ಲ, ಅದರದೇ ಒಂದು ಕೆಂಪು. ತಂಗಿ ನನ್ನ ಭುಜ ಹಿಡಿದುಕೊಂಡು ಕುಣಿದಳು. ಮುಂಜಾನೆ ಮೇಲಿನ ನೀರು ಬಸಿದರೆ ತಳದಲ್ಲಿ ನುಣ್ಣನೆಯ ಕೆಂಪು ರಾಡಿ. ಒಂದು ಬಕೆಟ್ ಹೂವಿಗೆ ಎರಡು ಚಮಚ.

ಇನ್ನು ಒಣಗಿಸುವುದಷ್ಟೆ. ಒಣಗಿಸುವುದು ಅಂದರೆ ನಮ್ಮ ಕಡೆ ಯಾರೂ ವಿಚಾರ ಮಾಡುವುದಿಲ್ಲ. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿರುತ್ತದೆ. ಸಂಡಿಗೆ, ಮೆಣಸಿನಕಾಯಿ, ಬೇಳೆ ಎಲ್ಲ ಅದರ ಮೇಲೇ. ನಾನೂ ಕಲ್ಲನ್ನು ಚೆನ್ನಾಗಿ ತೊಳೆದು, ಒರೆಸಿ, ಕೆಂಪನ್ನು ಚಮಚದಿಂದ ಸವರಿದೆ.

ಸವರಿದ್ದೇ ತಡ, ಕಲ್ಲು ಬುಸುಬುಸು ಅಂದಿತು. ಸಣ್ಣ ಸಣ್ಣ ಗುಳ್ಳೆ ಎದ್ದವು. ನಿಂಬೆಯ ಹುಳಿಯನ್ನು ಸುಣ್ಣದ ಕಲ್ಲು ತಿಂದುಬಿಟ್ಟಿತ್ತು. ಹುಳಿ ಹೋದ ಕೂಡಲೇ ಕೆಂಪು ಮತ್ತೆ ಕಂದಾಗಿ, ಕಲ್ಲಿನೊಳಗೆ ಇಂಗತೊಡಗಿತು. ಚಮಚದಿಂದ ಕೆರೆದೆ, ಬೆರಳಿನಿಂದ ಬಳಿದೆ, ಕೈಗೆ ಬಂದದ್ದು ಮಣ್ಣಿನ ಬಣ್ಣದ ಲೋಳೆ. ಶಹಾಬಾದ್ ಕಲ್ಲಿನ ಮೇಲೆ ಹುಳಿ ಚೆಲ್ಲಬಾರದು, ಕಲೆ ಬೀಳುತ್ತದೆ ಅಂತ ನೂರು ಸಲ ಮಂದಿಗೆ ಹೇಳಿದವಳು ನಾನೇ. ಆದರೆ ಕಲ್ಲು ಕೆಡುತ್ತದೆ ಅಂತಷ್ಟೇ ನನಗೆ ಗೊತ್ತಿತ್ತು.

ತಂಗಿ ಬಾಗಿಲಲ್ಲಿ ನಿಂತಿದ್ದಳು. ಬಯ್ಯಲಿಲ್ಲ. "ಅಂಗಳಕ್ಕರೆ ಮದುವಿ ಬಣ್ಣ ಬಂತು ಬಿಡು," ಅಂದು ನನ್ನ ಕೈಯಿಂದ ಚಮಚ ಇಸಗೊಂಡಳು. ಮದುವೆಗೆ ಎಂಟು ದಿನ ಉಳಿದಿತ್ತು. ಆಡಕಿಯ ಹೊಲದಲ್ಲಿ ಹೂವು ಮುಗಿದಿತ್ತು.

ವೈನಿಗೆ ಫೋನು ಮಾಡಿ ಅತ್ತೆ. ಆಕೆ ನಕ್ಕಳು. "ಅಳಬ್ಯಾಡ್ರಿ. ಚಿಂಚೋಳಿ ಕಡಿ ನಮ್ಮ ತವರಾಗ ತಡಾ ಮಾಡಿ ಬಿತ್ಯಾರ, ಹೂವು ಇನ್ನಾ ಅದ. ನಾಳಿ ಮೊದಲ ಬಸ್ಸಿಗಿ ಹತ್ತೋಣ."

ಚಿಂಚೋಳಿಯ ಆಚೆಗಿನ ಆ ಹಳ್ಳಿಯಲ್ಲಿ ವೈನಿಯ ಅವ್ವ ನಮ್ಮನ್ನು ಕೂರಿಸಿ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, "ಕೂರ್ಚೋ ತಲ್ಲಿ, ಮೊದಲು ಚಹಾ ಕುಡಿ, ಹೂವು ಎಲ್ಲಿ ಓಡಿಹೋಗತದ?" ಅಂದಳು. ಹೊಲದ ಬದುವಿನುದ್ದಕ್ಕೂ ಕುಸುಬಿ ಕೇಸರಿಯಾಗಿ ನಿಂತಿತ್ತು. ಎಸಳು ಕೆಂಪಿಗೆ ತಿರುಗುವಾಗ ಹಿರಿಯಬೇಕು, ಆಗಲೇ ಬಣ್ಣ ಹೆಚ್ಚು ಅಂತ ಆಕೆಯೇ ತೋರಿಸಿದಳು. ನಾವು ಹಿರಿದಷ್ಟು ಹೊತ್ತು ಬದುವಿನ ಮೇಲೆ ಕುಳಿತು ಮದುಮಗನ ವಿಚಾರಣೆ ಮಾಡಿದಳು. ರೈಲಿನವನೇ? ಕುಡಿಯುತ್ತಾನೆಯೇ? ಅಡುಗೆ ಬರುತ್ತದೆಯೇ? ಅಡುಗೆ ಬರುತ್ತದೆ ಅಂದಾಗ, "ಹಾಂಗಾರ ಇನ್ನೊಂದ್ ಮುಷ್ಟಿ ಹಿರಿ" ಅಂದಳು.

ಈ ಸಲ ಪಿಂಗಾಣಿ ಬಸಿಯ ಮೇಲೆ, ನೆರಳಿನಲ್ಲಿ ಒಣಗಿಸಿದೆ. ತಾಸಿಗೊಮ್ಮೆ ಹೋಗಿ ನೋಡುತ್ತಿದ್ದೆ. ಪೂರ್ತಿ ಒಣಗಿದಾಗ ನೋಡುತ್ತೇನೆ, ಬಸಿಯ ಮೇಲೆ ಕೆಂಪೇ ಇಲ್ಲ. ಜೀರುಂಡೆಯ ಬೆನ್ನಿನ ಹಾಗೆ ಹಸಿರು, ಅದರೊಳಗೆ ಬಂಗಾರದ ಹೊಳಪು.

"ವೈನೀ, ಹಸಿರಾಗ್ಯಾದ!" ಅಂತ ಫೋನಿನಲ್ಲಿ ಚೀರಿದೆ.

"ಬೆರಳು ಹಸಿ ಮಾಡಿ ಮುಟ್ಟಿ ನೋಡ್ರಿ ಜರಾ."

ಮುಟ್ಟಿದೆ. ಬೆರಳ ತುದಿ ಕೆಂಪೋ ಕೆಂಪು.

ಔಡಲೆಣ್ಣೆಯಲ್ಲಿ ಅದನ್ನು ಬೆರಳಿನಿಂದಲೇ ಅರೆದೆ, ಅರೆಯುತ್ತಲೇ ಇದ್ದೆ, ಒಂದು ಕಣವೂ ಕೈಗೆ ತಾಗದವರೆಗೆ. ಕರಗಿದ ಮೇಣದ ಬಿಸಿ ಸ್ವಲ್ಪ ಇಳಿದ ಮೇಲೆ ಬೆರೆಸಿ ಸಣ್ಣ ಸ್ಟೀಲಿನ ಡಬ್ಬಿಗೆ ಸುರಿದೆ. ನಾನು ಹಚ್ಚಿಕೊಂಡು ಚಹಾ ಕುಡಿದೆ, ಖಾರಬ್ಯಾಳಿ ಉಂಡೆ. ಬಣ್ಣ ಅರ್ಧ ಉಳಿಯಿತು. ಮನೆಯವರು ತಟ್ಟೆಯಿಂದ ತಲೆ ಎತ್ತಿ ಒಮ್ಮೆ, ಮತ್ತೊಮ್ಮೆ ನೋಡಿ, "ನಮ್ಮ ಮದುವ್ಯಾಗ ಯಾಕ ಮಾಡ್ಲಿಲ್ಲ ಇದು?" ಅಂದರು. ತಂಗಿಯ ಮೊಣಕೈಗೆ ಹಚ್ಚಿ ಎರಡು ದಿನ ಬಿಟ್ಟೆವು. ಗುಳ್ಳೆ ಏಳಲಿಲ್ಲ. ಆದರೆ ತುಟಿಗೆ ಮಾತ್ರ ಆಕೆ ಹಚ್ಚಿಕೊಳ್ಳಲಿಲ್ಲ. "ಈಗ ಹಚ್ಚಿ ಬಾತ್ರ, ಮದುವಿ ದಿನಾನೂ ಬಾತ ತುಟೀನೇ. ಅವತ್ತೇ ಹಚ್ಚತೀನಿ. ಆದದ್ದಾಗ್ಲಿ," ಅಂದಳು. ನಾನು ಮಾಡಿದ್ದ ನಿಯಮವನ್ನು ಕೊನೆಗೆ ಆಕೆಯೇ ಮುರಿದಳು.

ವಾಡಿಯ ಬುದ್ಧ ವಿಹಾರದಲ್ಲಿ, ಬಿಳಿ ಸೀರೆಯಲ್ಲಿ, ಆ ಕೆಂಪು ತುಟಿಯಲ್ಲಿ ತಂಗಿ ವಂದನೆ ಹೇಳುವಾಗ ನಾನು ವಂದನೆ ಹೇಳಲಿಲ್ಲ; ಗೋಡೆಯ ಗಡಿಯಾರ ನೋಡುತ್ತಿದ್ದೆ. ಅರ್ಧ ತಾಸು ಆಯಿತು. ಹಾರ ಹಾಕಿದರು. ತಾಸು ಆಯಿತು. ಮಂದಿ ಹೂವು ಹಾಕಿದರು, ಊಟಕ್ಕೆ ಎದ್ದರು. ತಂಗಿ ತುಪ್ಪ ಹಾಕಿದ ಹುಗ್ಗಿ ಉಂಡಳು, ಬಣ್ಣವೆಲ್ಲ ತುಪ್ಪದ ಜೊತೆ ಹೋಯಿತು.

ಊಟವಾದ ಮೇಲೆ ಹಿಂದಿನ ಕೋಣೆಗೆ ನನ್ನನ್ನು ಎಳೆದುಕೊಂಡು ಹೋದಳು. ನಲ್ಲಿಯ ನೀರಿನಲ್ಲಿ ತುಟಿ ತೊಳೆದು, ಮೊಬೈಲನ್ನು ಕನ್ನಡಿ ಮಾಡಿ ಹಿಡಿದು, ಮೇಲಿನ ತುಟಿ ಎತ್ತಿ, ಕೆಳಗಿನ ತುಟಿ ಜಗ್ಗಿ ನೋಡಿಕೊಂಡಳು.

"ತುರಸ್ತದೇನು?" ಅಂದೆ.

"ಇಲ್ಲ."

"ಉರೀತದೇನು?"

"ಇಲ್ಲ ಬೇ. ತುಟಿ ತುಟಿ ಇದ್ದಂಗೇ ಅದ." ಇನ್ನೊಮ್ಮೆ ನೋಡಿಕೊಂಡಳು. ನಂಬಿಕೆಯಾಗದೆ ನನಗೂ ತೋರಿಸಿದಳು. ಆಮೇಲೆ ಮುಖ ಮುಂದೆ ಚಾಚಿದಳು. "ಹಾಂಗಾರ ಹಚ್ಚು. ದಪ್ಪಗೆ ಹಚ್ಚು. ಫೋಟೋದವಾ ಕರಿಲಿಕತ್ತಾನ."

ಡಬ್ಬಿ ತೆಗೆದು ಬೆರಳಿನಿಂದ ಹಚ್ಚತೊಡಗಿದೆ. ಆಕೆ ನಗು ತಡೆಯದೆ ಗದಗದ ನಡುಗಿದಳು. ಗೆರೆ ಮೀರಿ ಗಲ್ಲದ ತನಕ ಕೆಂಪು ಹೋಯಿತು. "ನಗಬ್ಯಾಡ, ಸುಮ್ನಿರು" ಅಂದೆ. ಅದನ್ನು ಕೇಳಿ ಇನ್ನೂ ಜೋರಾಗಿ ನಕ್ಕಳು. ನನ್ನ ಸೆರಗಿನ ತುದಿಯಿಂದ ಗಲ್ಲ ಒರೆಸಿ, ಮೊದಲಿನಿಂದ ಹಚ್ಚಿದೆ.