ಏಡನ್ನಿನಲ್ಲಿ ಐದು ತಾಸಿನ ಪ್ರವಾಸಿ

ಪಾಸ್‌ಪೋರ್ಟಿನ ದರಖಾಸ್ತಿನಲ್ಲಿ, ಯಾವ ಯಾವ ದೇಶಗಳಿಗೆ ಹೋಗಬೇಕಾಗಿದೆ ಎಂದು ಕೇಳುವ ಒಂದು ಕಲಮು ಇತ್ತು. ನಾನು ಇಂಗ್ಲೆಂಡ್ ಎಂದು ಬರೆದು, ಅದರ ಮುಂದೆ ಏಡನ್ ಎಂದು ಸೇರಿಸಿದೆ. ಅಪ್ಪ ಅಂಗಡಿಯ ಗಾದಿಯ ಮೇಲೆ ಕೂತು ಅದನ್ನು ಓದಿದರು, ಕನ್ನಡಕ ತೆಗೆದರು.

"ಲಂಡನ್ನಿಗಿ ಹೋಗಾಕಿಗಿ ಏಡನ್ ಎದಕ ಬೇಕವ್ವಾ?"

"ಹಡಗ ಅಲ್ಲಿ ನಿಲ್ತದ ಅಪ್ಪಾ. ಐದು ತಾಸು."

"ರೈಲು ವಾಡಿಯೊಳಗೂ ನಿಲ್ತದ. ಇಳದು ಊರು ನೋಡಿ ಬರ್ತೀಯೇನು?"

ಲೆಕ್ಕ ಬರೆಯುವ ಮುನೀಮರು ನಕ್ಕರು. ಅಪ್ಪ ನಗಲಿಲ್ಲ. ನಾನು ಏಡನ್ನಿನಲ್ಲಿ ಯಾಕೆ ಇಳಿಯಬೇಕೆಂದಿದ್ದೇನೆ ಎಂಬುದು ಅವರಿಗೆ ಗೊತ್ತಿತ್ತು.

ನಮ್ಮದು ಕಮಲಾಪುರದ ಅಡತಿ ವ್ಯಾಪಾರದ ಮನೆ. ತೊಗರಿ, ಜೋಳದ ಗೋದಾಮಿಗೆ ಒಬ್ಬ ಅರಬ ಕಾವಲುಗಾರನಿದ್ದ. ನಿಜಾಮರ ರಾಜ್ಯದಲ್ಲಿ ಅಂಥವರು ಬಹಳ; ಜನ ಅವರನ್ನು ಚಾವುಸ್ ಎಂದು ಕರೆಯುತ್ತಿದ್ದರು. ಅವನು ಮದುವೆಯಾದದ್ದು ಕಮಲಾಪುರದ ಪಿಂಜಾರರ ಮನೆಯ ಹೆಣ್ಣನ್ನು. ಅವರ ಮಗಳು ಮತ್ತು ನಾನು ಒಂದೇ ವಾರದಲ್ಲಿ, ಒಬ್ಬಳೇ ಸೂಲಗಿತ್ತಿಯ ಕೈಯಲ್ಲಿ, ಎರಡು ಓಣಿಗಳ ಅಂತರದಲ್ಲಿ ಹುಟ್ಟಿದವರು. ನನ್ನನ್ನು ಓದಿಸಲೆಂದು ಅಪ್ಪ ಕಲಬುರಗಿಯ ಬ್ರಹ್ಮಪುರದಲ್ಲಿ ಮನೆ ಮಾಡಿದಾಗ ಚಾವುಸನೂ ಸಂಸಾರದೊಂದಿಗೆ ಬಂದು ಹೊಸ ಅಂಗಡಿಯ ಹಿಂದಿನ ಕೋಣೆಯಲ್ಲಿ ಇಳಿದ. ನಾವಿಬ್ಬರೂ ಒಂದೇ ಶಾಲೆಗೆ ಹೋದೆವು. ಶಾಲೆಯಲ್ಲಿ ಆಗ ಎಲ್ಲವೂ ಉರ್ದುವಿನಲ್ಲಿ. ನನ್ನ ಉರ್ದುವನ್ನು ಅವಳು ತಿದ್ದುತ್ತಿದ್ದಳು, ಅವಳ ಲೆಕ್ಕಗಳನ್ನು ನಾನು ಮಾಡಿಕೊಡುತ್ತಿದ್ದೆ. ಮನೆಗೆ ಬಂದರೆ ಅವಳ ಕನ್ನಡ ನನ್ನ ಅಜ್ಜಿಯ ಕನ್ನಡದ ಹಾಗಿತ್ತು, ನನ್ನದಕ್ಕಿಂತ ಚೆನ್ನಾಗಿತ್ತು.

ಪೊಲೀಸ್ ಆಕ್ಷನ್ ಆಗಿ ನಿಜಾಮರ ರಾಜ್ಯ ಹಿಂದುಸ್ತಾನಕ್ಕೆ ಸೇರಿದ ಮೇಲೆ ಅರಬರನ್ನೆಲ್ಲ ಒಟ್ಟು ಮಾಡಿ ಕ್ಯಾಂಪಿನಲ್ಲಿ ಇಟ್ಟರು. ಕೆಲವು ತಿಂಗಳ ನಂತರ ಹಡಗಿನಲ್ಲಿ ಅರಬರ ನಾಡಿನ ಏಡನ್ ಬಂದರಿಗೆ ಕಳಿಸತೊಡಗಿದರು. ಮದುವೆಯಾಗದ ಹೆಣ್ಣುಮಕ್ಕಳ ಹೆಸರನ್ನು ತಂದೆಯ ಹೆಸರಿನ ಕೆಳಗೆ ಬರೆದುಕೊಳ್ಳುತ್ತಿದ್ದರು. ಅವಳ ತಾಯಿ ಆಗ ಜ್ವರದಿಂದ ಕಮಲಾಪುರದಲ್ಲಿ ತನ್ನ ಅಣ್ಣನ ಮನೆಯಲ್ಲಿ ಮಲಗಿದ್ದಳು, ಯಾದಿಯಲ್ಲಿ ಅವಳಿರಲಿಲ್ಲ. ತಂದೆ, ಮಗಳು ಹೋದರು. ನನಗೆ ಆ ವಾರ ಪರೀಕ್ಷೆ ಇತ್ತು. ನಾನು ಸ್ಟೇಷನ್ನಿಗೆ ಹೋಗಲಿಲ್ಲ.

ಆಮೇಲೆ ವರ್ಷಕ್ಕೆ ಮೂರು ನಾಲ್ಕು ಪತ್ರಗಳು ಬರುತ್ತಿದ್ದವು. ಎರಡನೆಯ ವರ್ಷ ಅವಳ ತಂದೆ ತೀರಿಹೋದ. ಅವಳು ಒಂದು ದರ್ಜಿಯ ಮನೆಯಲ್ಲಿ ಹೊಲಿಗೆ ಮಾಡಿಕೊಂಡು ಉಳಿದಳು. ಪ್ರತಿ ಪತ್ರದ ಅರ್ಧ ಭಾಗ ತಾಯಿಗೆ. ನಾನು ಹೈದರಾಬಾದಿನ ಹಾಸ್ಟೆಲಿನಿಂದ ರಜೆಗೆ ಬಂದಾಗ ಕಮಲಾಪುರಕ್ಕೆ ಹೋಗಿ ಅದನ್ನು ಓದಿ ಹೇಳುತ್ತಿದ್ದೆ. ಎಲ್ಲ ಪತ್ರಗಳಲ್ಲಿಯೂ ಒಂದೇ ಮಾತು: ಒಮ್ಮೆ ಬಂದು ತಾಯಿಯನ್ನು ನೋಡಬೇಕು, ಸರಕಾರ ಒಳಗೆ ಬಿಡುತ್ತಿಲ್ಲ.

ಎಂ.ಎ. ಮುಗಿದ ಮೇಲೆ ನನಗೆ ಲಂಡನ್ನಿನಲ್ಲಿ ಒಂದು ವರ್ಷದ ಶಿಕ್ಷಕರ ತರಬೇತಿಗೆ ವಿದ್ಯಾರ್ಥಿವೇತನ ಸಿಕ್ಕಿತು. ಆದ್ದರಿಂದ ಪಾಸ್‌ಪೋರ್ಟು, ಆದ್ದರಿಂದ ಏಡನ್. ಅಪ್ಪ ಎರಡು ದಿನ ದರಖಾಸ್ತನ್ನು ಗಾದಿಯ ಕೆಳಗೆ ಇಟ್ಟುಕೊಂಡು ಕಡೆಗೆ ದಸ್ಕತ್ತು ಹಾಕಿದರು.

ತಪಾಸಣೆಗೆ ಠಾಣೆಯ ಜಮಾದಾರ ಕಮಲಾಪುರಕ್ಕೇ ಬಂದ, ಸಂತೆಯ ದಿನ. ಅಲ್ಲಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಅವನಿಗೆ ಕೆಂಪು ಬಾಳೆಹಣ್ಣು, ಚಹಾ. ಪೊಲೀಸ್ ಪಾಟೀಲರು ಊರಿನ ಜನನ ಮರಣದ ದಫ್ತರನ್ನು ಬಗಲಲ್ಲಿ ಹಿಡಿದುಕೊಂಡು ಬಂದರು. ಬಾಗಿಲ ಹಿಂದಿನಿಂದ ನನ್ನ ಚಿಗವ್ವ ಕೇಳಿದಳು:

"ಜಮಾದಾರ್ರ, ಹಡಗದಾಗ ಪೂಜಿಗಿ ನೀರು ಕೊಡ್ತಾರೇನ್ರೀ, ಸಮುದ್ರದ್ದೇ ಎತ್ಕೋ ಅಂತಾರೇನು?"

"ನಾ ಭೀಮಾ ನದಿ ದಾಟಿದವನೇ ಅಲ್ಲವ್ವಾ, ನನಗೇನ್ ಕೇಳ್ತೀ," ಎಂದ ಜಮಾದಾರ. ಪಾಟೀಲರು ದಫ್ತರು ಬಿಚ್ಚಿ ನನ್ನ ಸಾಲನ್ನು ಹುಡುಕಿ ಅದರ ಮೇಲೆ ಬೆರಳಿಟ್ಟರು. "ಇದೇ ನೋಡ್ರಿ. ಹಾಂ, ಇದ್ರ ಮ್ಯಾಲಿನ ಸಾಲು ನಿಮ್ಮ ಚಾವುಸನ ಮಗಳದು. ಜೋಡಿಲೇ ಹುಟ್ಯಾರ."

"ಅದು ಈಗ ಎದಕ ಪಾಟೀಲ್ರ," ಎಂದು ಅಪ್ಪ ಮೆಲ್ಲಗೆ ಹೇಳಿದರು.

ಜಮಾದಾರ ತಲೆ ಎತ್ತಿದ. "ಏಡನ್ ಅಂದ್ರ, ಅರಬರಿಗಿ ಒಯ್ದು ಇಳಿಸಿದ್ದು ಅಲ್ಲೇ ಅಲ್ಲೇನ್ರೀ? ಅಲ್ಲಿ ನಿಮಗ ಗುರುತಿನವ್ರು ಯಾರರೆ ಅದಾರೇನು?"

ಅಪ್ಪ ನನ್ನ ಕಡೆ ನೋಡಿದರು. ನಾನೇ ಉತ್ತರ ಕೊಟ್ಟೆ. "ಯಾರೂ ಇಲ್ರೀ. ಹಡಗ ನಿಲ್ತದ. ಊರು ನೋಡಬೇಕಂತ ಅಷ್ಟೇ."

"ಸೈರು ಅನ್ರಿ," ಎಂದು ಅವನು ಹಾಗೆಯೇ ಬರೆದುಕೊಂಡ. ಪ್ರವಾಸ.

ಅದೇ ಮಧ್ಯಾಹ್ನ ಗೆಳತಿಯ ತಾಯಿಯನ್ನು ನೋಡಲು ಹೋದೆ. ನಾನು ಅವಳನ್ನು ಖಾಲಾ ಎಂದು ಕರೆಯುತ್ತಿದ್ದೆ. ಹೊರಸಿನ ಮೇಲೆ ಕೂತಿದ್ದಳು, ಕಾಲುಗಳು ಬಾತಿದ್ದವು.

"ನೀ ಆ ಊರಿಗಿ ಹೊಂಟೀದಿ ಅಂದ್ರ ಆಕಿಗಿ ಕರ್ಕೊಂಡೇ ಬಾ."

"ಹಂಗ ಕರ್ಕೊಂಡು ಬರಾಕ ಬರಲ್ಲ ಖಾಲಾ. ಕಾಗದ ಬೇಕು."

"ಇಷ್ಟು ವರ್ಷ ನೀ ಓದಿದ್ದು ಕಾಗದ ಅಲ್ಲೇನು? ಒಂದು ಬರದು ಒಗಿ."

ನಾನು ಬರೆಯುತ್ತೇನೆ ಎಂದೆ. ನನಗೆ ಮಾತು ಕೊಡುವ ಅಭ್ಯಾಸವಿಲ್ಲ. ಅಂದು ಕೊಟ್ಟೆ.

ಮುಂಬಯಿಯಲ್ಲಿ ಹಡಗಿನ ಏಜೆಂಟರ ಗುಮಾಸ್ತ ನನ್ನ ಪಾಸ್‌ಪೋರ್ಟನ್ನು ಇನ್ನೂ ಹದಿನೈದರ ಜೊತೆ ಕಟ್ಟಿ ವೀಸಾ ಕಚೇರಿಗೆ ಕಳಿಸಿದ. ಸಂಜೆಗೆ ಏಡನ್ನಿನ ವೀಸಾ ಬಂದಿತ್ತು: ಪ್ರವಾಸಿ, ಹೋಗುವಾಗ ಬರುವಾಗ ಎರಡೂ ಸಲಕ್ಕೆ. ಯಾರೂ ನನ್ನ ಮುಖವನ್ನು ಸಹ ನೋಡಲಿಲ್ಲ. ಏಡನ್ ತಲುಪಿದ ಬೆಳಿಗ್ಗೆ, ಹಡಗಿನ ಊಟದ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತ ಅಧಿಕಾರಿ ಒಬ್ಬೊಬ್ಬರಿಗೆ ಮುದ್ರೆ ಒತ್ತಿ, ಬಿಸಿಲಿಗೆ ಟೋಪಿ ಹಾಕಿಕೊಳ್ಳಿ ಎಂದು ಹೇಳಿ ಕಳಿಸುತ್ತಿದ್ದ. ನನ್ನ ಮುಂದಿನ ಹೆಂಗಸು ಅಲ್ಲಿ ರೇಷ್ಮೆ ಅಗ್ಗವೇ ಎಂದು ವಿಚಾರಿಸಿದಳು. ನನ್ನ ಸರದಿಗೆ ಅರ್ಧ ನಿಮಿಷವೂ ಹಿಡಿಯಲಿಲ್ಲ.

ಹಡಗು ಬರುವ ದಿನವನ್ನು ಗೆಳತಿಗೆ ಮೊದಲೇ ಬರೆದಿದ್ದೆ. ದೋಣಿಯಿಂದ ಇಳಿಯುವಾಗಲೇ ಅವಳು ಬುರ್ಖಾದ ಮುಖಪರದೆ ಎತ್ತಿಕೊಂಡು ಬಂದರಿನ ಕಟ್ಟೆಯ ಮೇಲೆ ನಿಂತಿದ್ದಳು.

"ಎಷ್ಟ ಕರ್ರಗ ಆಗೀದಿಯೇ! ಲಂಡನ್ನಿನವ್ರು ನೋಡಿ ಹಾಂಗೇ ವಾಪಸ್ ಕಳಸ್ತಾರ."

"ನೀ ಬೆಳ್ಳಗ ಆಗೀದಿಯೇನು?"

"ನನಗ ಯಾರೂ ವಾಪಸ್ ಕಳಸಲ್ಲಲ್ಲ," ಎಂದಳು. ಅಷ್ಟು ಹೇಳಿ ನನ್ನ ಕೈ ಹಿಡಿದು ಜೋರಾಗಿ ನಡೆದಳು. ಊರು ತೋರಿಸಲು ಅಲ್ಲ. ಅವಳು ಎಲ್ಲವನ್ನೂ ಗೊತ್ತು ಮಾಡಿಕೊಂಡಿದ್ದಳು. ಹಿಂದುಸ್ತಾನಕ್ಕೆ ಹೋಗಲು ಮೂರು ತಿಂಗಳ ಭೇಟಿಯ ವೀಸಾಕ್ಕೆ ಅರ್ಜಿ ಹಾಕಬಹುದು. ಆದರೆ ಅವಳು ಹಿಂದುಸ್ತಾನದಲ್ಲೇ ಹುಟ್ಟಿದವಳು, ತಾಯಿ ಅಲ್ಲಿದ್ದಾಳೆ ಎಂದು ಅಲ್ಲಿನ ಮರ್ಯಾದಸ್ಥರೊಬ್ಬರು ಬರೆದು ಕೊಡಬೇಕು. ಏಡನ್ನಿನಲ್ಲಿ ಅವಳನ್ನು ಹುಟ್ಟಿನಿಂದ ಬಲ್ಲ ಅಂಥವರು ಯಾರೂ ಇರಲಿಲ್ಲ. ಐದು ತಾಸಿನ ಮಟ್ಟಿಗೆ ನಾನಿದ್ದೆ.

ಹಿಂದುಸ್ತಾನ ಸರಕಾರದ ವೀಸಾ ಕಚೇರಿಯಲ್ಲಿ ಗುಮಾಸ್ತ ಇಂಗ್ಲಿಷಿನ ಫಾರಂ ಕೊಟ್ಟ. ಹನ್ನೆರಡಕ್ಕೆ ಬಾಗಿಲು ಹಾಕುತ್ತೇನೆ ಎಂದು ಗಡಿಯಾರ ತೋರಿಸಿದ. ಅವಳು ಹೇಳುತ್ತಾ ಹೋದಳು, ನಾನು ತುಂಬುತ್ತಾ ಹೋದೆ. ಹುಟ್ಟಿದ ಸ್ಥಳದ ಕಲಮು ಬಂದಾಗ ನಾನು ಕೇಳದೆಯೇ ಬರೆದೆ: ಕಲಬುರಗಿ. ನನ್ನ ಪ್ರಮಾಣಪತ್ರದಲ್ಲೂ ಹಾಗೆಯೇ ಬರೆದೆ.

ಅವಳಿಗೆ ಇಂಗ್ಲಿಷ್ ಓದಲು ಅಷ್ಟಿಷ್ಟು ಬರುತ್ತಿತ್ತು. ಬೆರಳಿಟ್ಟು ಕೇಳಿದಳು. "ಇಲ್ಲಿ ಕಮಲಾಪುರ ಬರಬೇಕಲ್ಲೇನು?"

"ಅದು ಯಾರಿಗಿ ಗೊತ್ತಾಗ್ತದ? ನಕಾಶೆದಾಗ ಇಲ್ಲ. ಕಲಬುರಗಿ ಅಂದ್ರ ತಿಳೀತದ."

"ಓದಿದಾಕಿ ನೀನು. ನೀ ಅಂದಂಗ."

ಇದನ್ನು ಸರಿಯಾಗಿ ಹೇಳಬೇಕು. ನಕಾಶೆಯ ಮಾತು ಸುಳ್ಳಲ್ಲ, ಆದರೆ ಕಾರಣ ಅದಲ್ಲ. ಹೈದರಾಬಾದಿನ ಹಾಸ್ಟೆಲಿನಲ್ಲಿ ಮೊದಲ ದಿನ ಯಾವ ಊರು ಎಂದು ಕೇಳಿದಾಗ ಕಮಲಾಪುರ ಎಂದಿದ್ದೆ. ಅದು ಎಲ್ಲಿ, ಅಲ್ಲಿ ಏನಿದೆ ಎಂದರು. ಬಾಳೆಹಣ್ಣು ಎಂದೆ. ಆ ವರ್ಷವೆಲ್ಲ ನನ್ನನ್ನು ಬಾಳೆಹಣ್ಣೇ ಎಂದು ಕೂಗಿದರು. ಮರುವರ್ಷದಿಂದ ನಾನು ಕಲಬುರಗಿಯವಳಾದೆ. ನಮ್ಮ ಕಡೆಯಿಂದ ಹೊರಗೆ ಹೋದವರೆಲ್ಲ ಹೀಗೆಯೇ ಮಾಡುತ್ತಾರೆ; ಊರು ಕೇಳಿದರೆ ಜಿಲ್ಲೆ ಹೇಳುತ್ತಾರೆ, ಯಾರೂ ಅದನ್ನು ಸುಳ್ಳೆಂದು ತಿಳಿಯುವುದಿಲ್ಲ. ಐದು ವರ್ಷ ಹೇಳಿದ ಮೇಲೆ ನನಗೆ ಅದು ಸಹಜವಾಗಿತ್ತು. ನನ್ನ ನಾಚಿಕೆಯನ್ನು ಅವಳ ಅರ್ಜಿಯಲ್ಲಿಯೂ ತುಂಬಿದೆ. ಹುಟ್ಟಿದ ಊರಿನ ದಫ್ತರು ತೆರೆಸಿ ಜಮಾದಾರ ಹೇಗೆ ತಪಾಸಣೆ ಮಾಡುತ್ತಾನೆ ಎಂಬುದನ್ನು ಎರಡು ತಿಂಗಳ ಹಿಂದೆ ಪಡಸಾಲೆಯಲ್ಲಿ ನಿಂತು ನೋಡಿದವಳು ನಾನು.

ಗುಮಾಸ್ತ ಮುದ್ರೆ ಒತ್ತಿದ. ಅವಳು ಆ ಕಚೇರಿಯ ಮೆಟ್ಟಿಲ ಮೇಲೆಯೇ ಕೂತು ಸ್ವಲ್ಪ ಅತ್ತಳು, ಆಮೇಲೆ ನನಗೆ ಉಪ್ಪು ಹಾಕಿದ ನಿಂಬೆಹಣ್ಣಿನ ಶರಬತ್ತು ಕುಡಿಸಿದಳು. ತಾಯಿಗೆ ಒಂದು ಸಲ ತಲೆಗೆ ಎಣ್ಣೆ ಹಚ್ಚಿ ಬರುತ್ತೇನೆ ಎಂದಳು. ಬಿಸಿಲಿನಲ್ಲಿ ಇಬ್ಬರೂ ಕಟ್ಟೆಗೆ ಮರಳಿದೆವು.

ಚಳಿಗಾಲದಲ್ಲಿ ಲಂಡನ್ನಿಗೆ ಅವಳ ಪತ್ರ ಬಂತು. ಒಳಗೆ ಅರ್ಜಿಗೆ ಬಂದ ಉತ್ತರದ ನಕಲು: ಹೇಳಿದ ಸ್ಥಳದಲ್ಲಿ ವಿಚಾರಣೆ ಮಾಡಲಾಗಿದೆ, ಇಂಥ ಜನನದ ದಾಖಲೆ ಅಲ್ಲಿಲ್ಲ, ಅರ್ಜಿ ನಾಮಂಜೂರು. ಅವಳು ಉರ್ದುವಿನಲ್ಲಿ ಎರಡೇ ಸಾಲು ಬರೆದಿದ್ದಳು. "ನೀನು ಬರೆದದ್ದು ಸುಳ್ಳು ಎನ್ನುತ್ತಾರೆ. ಅಲ್ಲವೆಂದು ಹೇಳಲು ನನಗೂ ಆಗಲಿಲ್ಲ."

ಅದೇ ದಿನ ನಾನು ಕೂತು ಎರಡು ಪತ್ರ ಬರೆದೆ. ಒಂದು, ಆ ಕಚೇರಿಗೆ: ತಪ್ಪು ನನ್ನದು, ಹುಟ್ಟಿದ ಸ್ಥಳ ಕಮಲಾಪುರ, ದಾಖಲೆ ಅಲ್ಲಿನ ಪೊಲೀಸ್ ಪಾಟೀಲರ ಬಳಿ ಇದೆ. ಇನ್ನೊಂದು, ಅಪ್ಪನಿಗೆ: ದಫ್ತರಿನ ಆ ಸಾಲಿನ ನಕಲು ತೆಗೆಸಿ ಏಡನ್ನಿಗೆ ಕಳಿಸಿ. ಕಚೇರಿಯ ಉತ್ತರ ಆರು ವಾರಕ್ಕೆ ಬಂತು. ಒಬ್ಬಳೇ ಅರ್ಜಿದಾರಳಿಗೆ ಎರಡು ಹುಟ್ಟಿದ ಸ್ಥಳಗಳನ್ನು ತೋರಿಸಿರುವುದರಿಂದ, ಮೊದಲು ಪ್ರಮಾಣ ಮಾಡಿದವರೇ ಎರಡನೆಯದನ್ನೂ ಮಾಡುತ್ತಿರುವುದರಿಂದ, ಪರಿಶೀಲಿಸಲಾಗದು. ಅಪ್ಪನ ಉತ್ತರವೂ ಬಂತು. ಪಾಟೀಲರು ಕೇಳಿದರೆ ಕೊಟ್ಟಾರು, ಆದರೆ ಈಗಿನ ದಿನಮಾನದಲ್ಲಿ ಕೇಳುವುದು ಒಳ್ಳೆಯದಲ್ಲ, ನೀನು ಅಭ್ಯಾಸದ ಕಡೆ ಲಕ್ಷ್ಯ ಕೊಡು. ಅಪ್ಪನ ಮೇಲೆ ನನಗೆ ಸಿಟ್ಟು ಬಂತು. ಸಿಟ್ಟು ಮಾಡುವುದು ಸುಲಭವೂ ಆಗಿತ್ತು.

ಬೇಸಿಗೆಯ ಹೊತ್ತಿಗೆ ಅಪ್ಪನ ಇನ್ನೊಂದು ಪತ್ರ. ತೊಗರಿಯ ಬೆಳೆ, ಚಿಗವ್ವನ ಮಗಳ ನಿಶ್ಚಿತಾರ್ಥ, ಕಡೆಯಲ್ಲಿ ಒಂದು ಸಾಲು: ಚಾವುಸನ ಹೆಂಡತಿ ಹೋದ ಸೋಮವಾರ ತೀರಿಕೊಂಡಳು. ಏಡನ್ನಿಗೆ ಅದನ್ನು ತಿಳಿಸಿದವಳು ನಾನೇ. ಮೂರು ಸಲ ಬರೆದು ಹರಿದೆ. ನಾಲ್ಕನೆಯದು ಅಪ್ಪನ ಸಾಲಿನಷ್ಟೇ ಗಿಡ್ಡವಾಗಿತ್ತು.

ಮರಳಿ ಬರುವಾಗಲೂ ಹಡಗು ಏಡನ್ನಿನಲ್ಲಿ ನಿಂತಿತು. ನನ್ನ ವೀಸಾ ಇನ್ನೂ ನಡೆಯುತ್ತಿತ್ತು. ದಿನ ತಿಳಿಸಿ ಬರೆದಿದ್ದರೂ ಅವಳು ಬರುವುದಿಲ್ಲ ಎಂದುಕೊಂಡಿದ್ದೆ, ಬಂದಿದ್ದಳು. ಬೈಯಲಿಲ್ಲ. ಬೈದಿದ್ದರೆ ಉತ್ತರ ಸಿದ್ಧವಿತ್ತು, ಹಡಗಿನಲ್ಲಿ ಕಡೆಯ ನಾಲ್ಕು ದಿನ ಅದನ್ನೇ ಕಟ್ಟಿಕೊಂಡಿದ್ದೆ. ಅವಳು ಒಂದೇ ಮಾತು ಕೇಳಿದಳು.

"ಅಮ್ಮಾಗ ಕಡೀ ನೀರು ಯಾರು ಹಾಕಿದ್ರು?"

ಹೆಣವನ್ನು ತೊಳೆದವರು ಯಾರು ಎಂದು. ಮಗಳಿದ್ದರೆ ಆ ಕೆಲಸ ಮಗಳದು.

"ನನಗ ಗೊತ್ತಿಲ್ಲ. ನಾ ಅಲ್ಲಿ ಇದ್ದಿಲ್ಲ."

"ಊರಿಗಿ ಹೋಗಿ ಕೇಳು. ಕೇಳಿ ಬರಿ."

"ಬರೀತೀನಿ."

"ಯಾರ್ ಯಾರ್ ಇದ್ರು, ಹೆಸರು ಹಿಡದು ಬರಿ," ಎಂದು ಹೇಳಿ, ಹೊಲಿಗೆ ಬಾಕಿ ಇದೆ ಎಂದು ಹೊರಟುಹೋದಳು. ನನಗೆ ಇನ್ನೂ ನಾಲ್ಕು ತಾಸಿತ್ತು. ಕಟ್ಟೆಯ ನೆರಳಿನಲ್ಲಿ ಸ್ವಲ್ಪ ಹೊತ್ತು ಕೂತು ಹಡಗಿಗೆ ಮರಳಿದೆ.

ಈಗ ನಾನು ಕಲಬುರಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತೇನೆ. ಬಂದ ವಾರವೇ ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಅವಳ ಸೋದರಮಾವನ ಹೆಂಡತಿ ಒಳಗೆ ಕರೆಯಲಿಲ್ಲ, ಹೊಸ್ತಿಲ ಮೇಲೆ ನಿಂತು ಹೇಳಿದಳು. ತಾನು, ತನ್ನ ಸೊಸೆ, ಓಣಿಯ ಕಡೆಯ ಮನೆಯ ಮುದುಕಿ, ಮೂವರು. ನೀರನ್ನು ಸೇದಿಕೊಟ್ಟದ್ದು ನಮ್ಮ ಮನೆಯ ಬಾವಿಯಿಂದ. ಆ ದಿನ ಊರಲ್ಲಿದ್ದ ನನ್ನ ಅವ್ವ ಕೊಡಗಳನ್ನು ಬಾಗಿಲತನಕ ತಂದಿಟ್ಟು ಹೋಗಿದ್ದಳು. ಅಪ್ಪನಿಗೆ ಇದು ಇವತ್ತಿಗೂ ಗೊತ್ತಿಲ್ಲ. ನಾನು ನಿಂತಲ್ಲೇ ಎಲ್ಲವನ್ನೂ ಬರೆದುಕೊಂಡು, ಆ ಹೆಂಗಸಿಗೆ ಓದಿ ತೋರಿಸಿ, ಮೂವರ ಹೆಸರುಗಳನ್ನೂ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡೆ. ಅದೇ ಸಂಜೆ ಏಡನ್ನಿನ ವಿಳಾಸಕ್ಕೆ ಟಪಾಲಿಗೆ ಹಾಕಿದೆ.

ಅದಾಗಿ ಎಂಟು ತಿಂಗಳಾಯಿತು. ಉತ್ತರ ಬಂದಿಲ್ಲ. ಪತ್ರ ವಾಪಸ್ಸೂ ಬಂದಿಲ್ಲ; ಅಂದರೆ ಅವಳಿಗೆ ಮುಟ್ಟಿದೆ.