ಅಡುಗೆಮನೆ ಬಾಗಿಲ ಹಿಂದಿನ ನಾಯಕಿ

ಹೋದ ತಿಂಗಳು ಹೊಸಪೇಟೆಯ ನಮ್ಮ ಓಣಿಯಲ್ಲಿ ಪಕ್ಕದ ಮನೆಯ ಹುಡುಗಿ ಶಾಲೆಯ ಗ್ಯಾದರಿಂಗಿನ ನಾಟಕ ಮುಗಿಸಿಕೊಂಡು ಬಂದಳು. ಕೆನ್ನೆಗೆ ಕೆಂಪು, ಹುಬ್ಬಿಗೆ ದಪ್ಪ ಕಪ್ಪು. ಅವಳ ತಾಯಿ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಹಳೆಯ ಸೀರೆಯ ಚೂರಿಗೆ ಕೊಬ್ಬರಿಎಣ್ಣೆ ಹಚ್ಚಿ ಬಣ್ಣ ಒರೆಸುತ್ತಿದ್ದಳು. ಕಾಯಿಪಲ್ಯೆಯ ಚೀಲ ಹಿಡಿದು ಹೋಗುತ್ತಿದ್ದ ನಾನು ಅಲ್ಲೇ ನಿಂತೆ. ಎಣ್ಣೆ, ಪೌಡರು, ಬೆವರು ಮೂರೂ ಕೂಡಿದ ಆ ವಾಸನೆ ಮೂಗಿಗೆ ಬಂದದ್ದೇ ತಡ, ಕಂಪ್ಲಿಯ ಅಜ್ಜನ ಮನೆ ಕಣ್ಣ ಮುಂದೆ ಬಂತು. ಆ ಮನೆ ಈಗಿಲ್ಲ, ಅದರ ಜಾಗದಲ್ಲಿ ಗೊಬ್ಬರದ ಅಂಗಡಿಯಿದೆ. ಅಜ್ಜ ಇಲ್ಲ. ಗಿರಿಜತ್ತೆ ಹೋಗಿಯೂ ಮೂರು ವರ್ಷವಾಯಿತು. ನಿಮ್ಮ ಮನೆಯಲ್ಲೂ ಇಂಥವಳೊಬ್ಬಳು ಇದ್ದಿರಬಹುದು. ಇದ್ದಿದ್ದರೆ, ಬಿಸಿಲಿನಲ್ಲಿ ಚೀಲ ಹಿಡಿದು ನಾನು ಯಾಕೆ ಅಷ್ಟು ಹೊತ್ತು ನಿಂತೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಅಜ್ಜ ಹಾರ್ಮೋನಿಯಂ ಮಾಸ್ತರು. ಸುತ್ತಲಿನ ಊರಿನ ರೈತರು ಭತ್ತದ ಕೊಯ್ಲು ಮುಗಿಸಿ ನಾಟಕ ಆಡುವ ಮನಸ್ಸು ಮಾಡಿದರೆ ಮೊದಲು ಬರುತ್ತಿದ್ದುದು ನಮ್ಮ ಪಡಸಾಲೆಗೆ. ಗಂಡಸರ ಪಾರ್ಟುಗಳೆಲ್ಲ ಊರವರವೇ. ಹೆಣ್ಣಿನ ಪಾರ್ಟಿಗೆ ಮಾತ್ರ ಹೊಸಪೇಟೆಯಿಂದ ನಟಿಯನ್ನು ಕರೆಸುತ್ತಿದ್ದರು, ಆಕೆ ಬಂದಿಳಿಯುತ್ತಿದ್ದುದು ನಾಟಕದ ದಿನವೇ. ಅಲ್ಲಿಯ ತನಕ ಎರಡು ತಿಂಗಳು ತಾಲೀಮು ನಡೆಯಬೇಕಲ್ಲ, ನಾಯಕಿಯ ಮಾತು ಯಾರಾದರೂ ಹೇಳಬೇಕಲ್ಲ. ಅದನ್ನು ಹೇಳುತ್ತಿದ್ದವಳು ಅಜ್ಜನ ಕಿರಿಯ ಮಗಳು, ನನ್ನ ಸೋದರತ್ತೆ ಗಿರಿಜಾ. ಮಾಸ್ತರ ಮಗಳು ಗಂಡಸರ ನಡುವೆ ಬಂದು ನಿಲ್ಲುವಂತಿರಲಿಲ್ಲ. ಅಡುಗೆಮನೆಯ ಬಾಗಿಲನ್ನು ಅರ್ಧ ಮುಚ್ಚಿಕೊಂಡು, ಅದರ ಹಿಂದೆ ಮೊರ ಹಿಡಿದು ಕೂತು, ಅಕ್ಕಿಯ ಕಲ್ಲು ಆರಿಸುತ್ತಲೇ ಹೇಳುತ್ತಿದ್ದಳು. ಅಜ್ಜ ಹಾರ್ಮೋನಿಯಂ ಮೇಲಿಂದ ಕೈಯೆತ್ತಿ “ಒಳಗಿಂದ ಕೊಡವ್ವಾ” ಅನ್ನುತ್ತಿದ್ದ, ಒಳಗಿನಿಂದ ದನಿ ಬರುತ್ತಿತ್ತು. ಹೊರಗಿನ ರಾಜ, ಮಂತ್ರಿ, ಖಳನಾಯಕ ಎಲ್ಲರೂ ಆ ಬಾಗಿಲಿನ ಕಡೆ ಮುಖ ಮಾಡಿ ಪ್ರೀತಿ ಮಾಡುತ್ತಿದ್ದರು, ಬೈಯುತ್ತಿದ್ದರು, ಬೇಡಿಕೊಳ್ಳುತ್ತಿದ್ದರು.

ಬಾಗಿಲ ಹಿಂದಿನ ಆ ಮುಖ ನೋಡಿದವಳು ನಾನೊಬ್ಬಳೇ. ದುಃಖದ ಸೀನಿನಲ್ಲಿ ಅತ್ತೆಯ ಕಣ್ಣಿಂದ ನೀರು ಇಳಿದು ಮೊರದೊಳಗೆ ಬೀಳುತ್ತಿತ್ತು, ಬೆರಳು ಮಾತ್ರ ಕಲ್ಲು ಆರಿಸುವುದನ್ನು ಬಿಡುತ್ತಿರಲಿಲ್ಲ. ನಾಟಕ ಮುಗಿದ ಬೆಳಿಗ್ಗೆ ನಟಿ ರತ್ನಾಬಾಯಿ ಬಣ್ಣ ತೆಗೆಯಲು ನಮ್ಮ ಹಿತ್ತಲಿಗೇ ಬರುತ್ತಿದ್ದಳು. ಅಜ್ಜ ಆಕೆಯನ್ನು “ಅವ್ವಾ” ಎಂದೇ ಕರೆದು, ಎಲ್ಲರಿಗಿಂತ ಮೊದಲು ಆಕೆಗೆ ತಾಟು ಹಾಕಿಸುತ್ತಿದ್ದ. ಅತ್ತೆ ಆಕೆಗೆ ಬಿಸಿನೀರು ಕೊಟ್ಟು, ಮುಖ ಒರೆಸಿ ಬಿಸಾಡಿದ ಬಟ್ಟೆಯನ್ನು ಮಡಚಿ ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಅವಳ ಹಾಸಿಗೆಯಲ್ಲೇ ಮಲಗುತ್ತಿದ್ದ ನನಗೆ ಆ ಎಣ್ಣೆ, ಬಣ್ಣದ ವಾಸನೆ ಇಲ್ಲದೆ ನಿದ್ದೆಯೇ ಹತ್ತುತ್ತಿರಲಿಲ್ಲ. “ಒಂದ ಸಲ, ಶೈಲಾ,” ಅನ್ನುತ್ತಿದ್ದಳು, “ಒಂದ ಸಲ ಆ ಬೆಳಕಿನಾಗ ನಿಂತು, ಮಂದಿ ನನ್ನ ಮುಖಾ ನೋಡ್ಕೊಂತ ಕೇಳಬೇಕು. ಅಷ್ಟ ಸಾಕು ನೋಡು ನನಗ.”

ಅವಳಿಗೆ ಹತ್ತೊಂಬತ್ತು, ನನಗೆ ಒಂಬತ್ತು ಇದ್ದಾಗ ಆಡಿದ ನಾಟಕದಲ್ಲಿ ಬಸಣ್ಣ ಎಂಬ ಭತ್ತದ ಗದ್ದೆಯ ರೈತ ನಾಯಕನಾಗಿದ್ದ. ಗುಟ್ಟಾಗಿ ಮದುವೆಯಾದ ಹೆಂಡತಿಯನ್ನು ಪಂಚರ ಎದುರು “ಈಕೆ ಯಾರೋ ನನಗೆ ತಿಳಿಯದು” ಅನ್ನುವ ಪಾರ್ಟು. ಅದಕ್ಕೆ ನಾಯಕಿ ನಾಲ್ಕು ಮಾತಿನ ಉತ್ತರ ಕೊಡಬೇಕು. ಎರಡು ತಿಂಗಳು ಬಸಣ್ಣ ಆ ಸುಳ್ಳನ್ನು ನಮ್ಮ ಅಡುಗೆಮನೆಯ ಬಾಗಿಲಿಗೆ ಹೇಳಿ ಹೇಳಿ ಪಳಗಿದ್ದ. ಬಾಗಿಲು ಅವನ ಎಡಕ್ಕಿತ್ತು. ಇದರಿಂದ ಏನಾದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಆ ಸೀನು ಬರುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ಹೆಂಗಸರು ಸ್ಟೇಜಿನ ಎಡಗಡೆ ಚಾಪೆ ಹಾಸಿಕೊಂಡು ಕೂತಿದ್ದೆವು. ಅತ್ತೆ ತಲೆತುಂಬ ಸೆರಗು ಹೊದ್ದು ನನ್ನನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಬಸಣ್ಣ ರೂಢಿಯಂತೆ ರತ್ನಾಬಾಯಿಗೆ ಬೆನ್ನು ಹಾಕಿ, ಸೀದಾ ಎಡಕ್ಕೆ ತಿರುಗಿ, ನಮ್ಮ ಕಡೆ ಕೈ ಚಾಚಿ “ಈಕೆ ಯಾರೋ ನನಗೆ ತಿಳಿಯದು” ಅಂದುಬಿಟ್ಟ. ಅವನು ಈಗ ತಿರುಗಿಯಾನು, ಆಗ ತಿರುಗಿಯಾನು ಎಂದು ರತ್ನಾಬಾಯಿ ಕಾಯುತ್ತ ನಿಂತಳು. ಅಷ್ಟರಲ್ಲಿ ನನ್ನ ತಲೆಯ ಮೇಲಿಂದಲೇ ಉತ್ತರ ಬಂತು. “ಹೊಸ್ತಿಲ ತನಕ ಬಂದವರು ನೀವೇ. ಹೆಸರು ಕೇಳಿದವರೂ ನೀವೇ. ಇಂದು ಮುಖ ತಿರುಗಿಸಿದವರೂ ನೀವೇ.” ಮೂರು ಮಾತು. ಇಡೀ ಊರು ತಿರುಗಿ ನೋಡಿತು. ಸೆರಗು ಜಾರಿತ್ತು, ಬೆಳಕಾಗಿತ್ತು, ಯಾರ ಮುಖ ಎಂಬುದು ಎಲ್ಲರಿಗೂ ಕಂಡಿತು. ನಾಲ್ಕನೆಯ ಮಾತು ಅತ್ತೆಯ ಗಂಟಲಿಂದ ಹೊರಗೆ ಬರಲೇ ಇಲ್ಲ. ಕೊನೆಗೆ ರತ್ನಾಬಾಯಿಯೇ ಮುಂದೆ ಬಂದು “ಹೋಗುವ ಮುನ್ನ ನಾನು ಯಾರೆಂದು ಈ ಜನಕ್ಕೆ ಹೇಳಿ ಹೋಗಿ” ಎಂದು ಸೀನು ಉಳಿಸಿದಳು. ಜನ ಚಪ್ಪಾಳೆ ತಟ್ಟಿದರು. ಅಜ್ಜ ಹಾರ್ಮೋನಿಯಂ ಬಿಟ್ಟು ತಲೆ ತಗ್ಗಿಸಿ ಕೂತಿದ್ದ.

ಹಿತ್ತಲಲ್ಲಿ ಬಣ್ಣ ಒರೆಸಿಕೊಳ್ಳುತ್ತ ರತ್ನಾಬಾಯಿ ಅಜ್ಜನಿಗೆ, “ಮಾಸ್ತರ್ರೀ, ಈಕಿನ್ನ ನನ್ನ ಕೂಡ ಕಳಸ್ರಿ. ನನ್ನ ಮಗಳಂಗ ನೋಡ್ಕೊಂತೀನಿ. ಇಂಥಾ ದನಿ ಒಲಿ ಮುಂದ ಕುಂದ್ರಬಾರದ್ರಿ” ಅಂದಳು. ಅತ್ತೆ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅಷ್ಟು ಆಸೆ ತುಂಬಿದ ಮುಖವನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ. ಅಜ್ಜ ಕೈಮುಗಿದ. “ನಿನ್ನ ಅವ್ವಾ ಅಂತ ಕರದೀನಿ, ತಾಯಿ. ಆದ್ರ ನನ್ನ ಮಗಳು ನಿನ್ನಂಗ ಆಗೂದು ಬ್ಯಾಡ.” ರತ್ನಾಬಾಯಿಯ ಕೈ ನಿಂತಿತು. ಇನ್ನೊಂದು ಕೆನ್ನೆ ಒರೆಸಲಿಲ್ಲ, ತಾಟಿನ ಮುಂದೆ ಕೂರಲಿಲ್ಲ. ಅರ್ಧ ಬಣ್ಣದ ಮುಖದಲ್ಲೇ ಹೋಗಿ ಹೊಸಪೇಟೆಯ ಬಸ್ಸು ಹತ್ತಿದಳು. ಜೀವನವಿಡೀ ನಾಟಕದ ಅನ್ನ ಉಂಡ ಮನುಷ್ಯ ಅಜ್ಜ. ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತಾಲೀಮು ಬೇರೆಯವರ ಮನೆಗೆ ಹೋಯಿತು, ಅತ್ತೆ ಅದೇ ಬೇಸಿಗೆಯಲ್ಲಿ ಮದುವೆಯಾಗಿ ಯಶವಂತನಗರಕ್ಕೆ ಹೋದಳು. ಮಾವ ಗಣಿಯಲ್ಲಿ ಲಾರಿ ತೂಕ ಮಾಡುವ ಕೆಲಸದವನು, ಕೆಟ್ಟವನಲ್ಲ. ಕಂಪನಿಯ ಎರಡು ಕೋಣೆಯ ಮನೆ. ಒಣಹಾಕಿದ ಬಿಳಿ ಬಟ್ಟೆ ಗಣಿಯ ಧೂಳಿಗೆ ಸಂಜೆಯೊಳಗೆ ಕೆಂಪಾಗುತ್ತಿತ್ತು. ರಜೆಗೆ ಹೋದಾಗ “ನಾಟಕದ ಒಂದು ಮಾತು ಹೇಳು ಅತ್ತಿ” ಎಂದು ಗೋಗರೆದರೆ, ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಅರ್ಧ ಮುಚ್ಚಿಕೊಂಡು ಹೇಳುತ್ತಿದ್ದಳು. ಎದುರಿಗೆ ಬಂದು ಹೇಳು ಅಂದರೆ, “ಎದುರಿಗೆ ಬರವಲ್ದು, ಶೈಲಾ. ಮುಖಾ ಕಂಡ್ರ ಗಂಟಲಾ ಕಟ್ಟತೈತಿ” ಎಂದು ನಗುತ್ತಿದ್ದಳು. ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ.

ಅವಳಿಗೆ ನಲವತ್ತು ದಾಟಿದ ಮೇಲೆ ಕಾಲೊನಿಯ ಹೆಂಗಸರು ರಾಜ್ಯೋತ್ಸವಕ್ಕೆ ಒಂದು ಸೀನು ಆಡು ಎಂದು ಕೇಳಿದರು. ಅಜ್ಜ ತೀರಿಹೋಗಿದ್ದ. ಮಾವ “ಮಾಡ್ಲಿ ಬಿಡ್ರಿ, ಅದಕ್ಕೇನಾತು” ಅಂದ. ತಡೆಯುವವರು ಯಾರೂ ಉಳಿದಿರಲಿಲ್ಲ. ನಾನಾಗ ಕಡ್ಡಿರಾಂಪುರದ ಶಾಲೆಗೆ ಟೀಚರಾಗಿ ಹೊಸದಾಗಿ ಸೇರಿದ್ದೆ. “ನೀ ಬರಬೇಕು, ಬಣ್ಣಾ ನೀನ ಒರಸಬೇಕು” ಎಂದು ಫೋನಿನಲ್ಲಿ ಹೇಳಿದಳು. ಜೊತೆಯ ಇಬ್ಬರು ಟೀಚರುಗಳನ್ನೂ ಕರೆದುಕೊಂಡು ಹೋದೆ. ಆರು ಗಂಟೆಗೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಹಸಿರು ಸೀರೆ ಉಟ್ಟು, ಕೆನ್ನೆಗೆ ಬಣ್ಣ ಹಚ್ಚಿಕೊಂಡು ಅತ್ತೆ ಬಂದು ನಿಂತಳು. ನಾಯಕನ ಪಾರ್ಟಿನ ಹೆಂಗಸು “ಈಕೆ ಯಾರೋ ನನಗೆ ತಿಳಿಯದು” ಅಂದು ಒಳಗೆ ಹೋದಳು. ಅತ್ತೆ ನಮ್ಮನ್ನು ನೋಡಿದಳು. ಬಾಯಿ ತೆರೆದಳು, ದನಿ ಬರಲಿಲ್ಲ. ಯಾರೋ ಕಿಸಕ್ಕೆಂದರು, ಮಕ್ಕಳು ಸಿಳ್ಳು ಹಾಕಿದರು. ಅವಳು ಸುಮ್ಮನೆ ತಿರುಗಿ ಪರದೆಯ ಹಿಂದೆ ಹೋದಳು.

ಖಾಲಿ ಸ್ಟೇಜು. ಪರದೆಯ ಹಿಂದಿನಿಂದ ಆ ದನಿ ಬಂತು, ಕಂಪ್ಲಿಯ ಅಡುಗೆಮನೆಯ ದನಿ, ಒಂದಿಷ್ಟೂ ಮಾಸದೆ. ನಾಲ್ಕೂ ಮಾತು ಬಂದವು, “ನಾನು ಯಾರೆಂದು ಈ ಜನಕ್ಕೆ ಹೇಳಿ ಹೋಗಿ” ಎಂಬ ಕೊನೆಯದೂ. ಜನ ಆಗಲೇ ಎದ್ದು ಕುರ್ಚಿ ಎಳೆದಾಡುತ್ತಿದ್ದರು. ಪಕ್ಕದ ಹೆಂಗಸು ನನ್ನ ಕಡೆ ಬಾಗಿ, “ಟೇಪ್ ಹಾಕ್ಯಾರೇನ್ರಿ? ಯಾರದ್ರಿ ಈ ದನಿ?” ಅಂದಳು. ಜೊತೆಯ ಟೀಚರುಗಳು ನಗುತ್ತಿದ್ದರು. ನನಗೆ ನಾಚಿಕೆಯಾಗಿತ್ತು. “ಯಾರದೋ ಏನೋ, ಗೊತ್ತಿಲ್ರಿ” ಅಂದುಬಿಟ್ಟೆ.

ಆಮೇಲೆ ಅವಳ ಮನೆಯಲ್ಲಿ ಬಟ್ಟೆಗೆ ಕೊಬ್ಬರಿಎಣ್ಣೆ ಹಚ್ಚಿ ಬಣ್ಣ ಒರೆಸಿದೆ. ಅತ್ತೆ ಕಣ್ಣು ಮುಚ್ಚಿಕೊಂಡು ಕೂತಿದ್ದಳು. “ಕೊನೀ ಮಾತು ಕೇಳಿಸ್ತೇನು, ಶೈಲಾ?” ಅಂದಳು. “ಕೇಳಿಸ್ತು ಅತ್ತಿ” ಅಂದೆ. ಬಸ್ಸಿಗೆ ಹೊತ್ತಾಗಿತ್ತು. ಸೋಪು ಹಚ್ಚಿ ಕೈ ತೊಳೆದುಕೊಂಡು ಹೊರಟೆ.